ಕಾತ್ರಜದ ನೀರಿನ ಜಾಡು

ಪುಣೆಯಲ್ಲಿ ನೆಲೆಸಿದ ನಮ್ಮ ಕನ್ನಡ ಬಂಧುಗಳಲ್ಲಿ ಬಹುಮಂದಿಗೆ ಕಾತ್ರಜವೆಂದರೆ ಊರಿಗೆ ಹೋಗುವ ಬಸ್ಸಿಗಾಗಿ ಕಾದು ನಿಲ್ಲುವ ಸ್ಥಳ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳ ದಾರಿ ಅಲ್ಲಿಂದಲೇ ಘಟ್ಟವನ್ನೇರುತ್ತದೆ. ಅಲ್ಲಿರುವ ಕೆರೆಯನ್ನು ಮಕ್ಕಳು ಪ್ರಾಣಿಸಂಗ್ರಹಾಲಯಕ್ಕೆ ಹೋದಾಗ ನೋಡಿರುತ್ತಾರೆ. ಪೇಶ್ವೆಗಳ ರಾಜಧಾನಿಗೆ ಕುಡಿಯುವ ನೀರು ಹರಿದು ಹೋದದ್ದು ಆ ಕೆರೆಯಿಂದ, ಅದೂ ನೆಲದೊಳಗಿನ ಕಲ್ಲಿನ ಕಾಲುವೆಯಲ್ಲಿ, ಎಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ಆ ಕಾಲುವೆಯ ಜಾಡನ್ನು ಒಂದು ದಿನದಲ್ಲಿ ಕುಟುಂಬಸಮೇತ ಹುಡುಕಿ ಬರಬಹುದು. ಅದು ಹೇಗೆಂಬುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಹುಡುಕಾಟದ ಉಪಾಯ ನಮ್ಮದಲ್ಲ. ಹೊರದೇಶಗಳಲ್ಲಿ ‘ಜಿಯೋಕ್ಯಾಷಿಂಗ್’ ಎಂಬ ಆಟವೊಂದು ಬಹಳ ಬಳಕೆಯಲ್ಲಿದೆ. ಒಬ್ಬರು ಎಲ್ಲಿಯಾದರೂ ಒಂದು ಡಬ್ಬಿಯನ್ನು ಅಡಗಿಸಿ ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಕೈಯಲ್ಲಿ ಯಂತ್ರ ಹಿಡಿದು ಅದನ್ನು ಹುಡುಕುತ್ತಾರೆ. ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕದ ಸರಕಾರ ೨೦೦೦ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮೇ ೩ರಂದು ಡೇವ್ ಅಲ್ಮರ್ ಎಂಬಾತ ಆರೆಗನ್ ರಾಜ್ಯದಲ್ಲಿ ಕರಿ ಬಕೆಟ್ಟೊಂದನ್ನು ಅಡಗಿಸಿಟ್ಟು, ಅದರಲ್ಲಿ ಪುಸ್ತಕ, ಸ್ವಲ್ಪ ಹಣ, ಒಂದು ಬೀನ್ಸಿನ ಡಬ್ಬಿ ಮೊದಲಾದುವನ್ನು ಹಾಕಿದ. ಸಿಕ್ಕಿದವರು ಏನಾದರೂ ತೆಗೆದುಕೊಳ್ಳಬೇಕು, ಏನಾದರೂ ಇಡಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು, ನಿಯಮ ಇಷ್ಟೇ. ಇದಕ್ಕೂ ಹಿರಿಯಜ್ಜನೊಬ್ಬನುಂಟು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ೧೮೫೪ರಲ್ಲಿ ಒಂದು ಬಾಟಲಿಯನ್ನಿಟ್ಟು, ಅಷ್ಟು ದೂರ ನಡೆದು ಬಂದವರು ಅದರಲ್ಲಿ ತಮ್ಮ ಹೆಸರಿನ ಚೀಟಿ ಹಾಕಿಹೋಗುವ ಏರ್ಪಾಡು ಮಾಡಿದ್ದನು.

ನಮ್ಮ ಸಂಚಾರದಲ್ಲಿ ಮಾತ್ರ ಡಬ್ಬಿ ಅಡಗಿಸುವ ಕೆಲಸ ಬೇಡವೆಂದು ಮೊದಲೇ ನಿಶ್ಚಯಿಸಿದೆವು. ೨೦೧೦ರ ಫೆಬ್ರುವರಿ ೧೩ರಂದು ಕೋರೆಗಾಂವ್ ಪಾರ್ಕಿನ ಬೇಕರಿಯಲ್ಲಿ ಸ್ಫೋಟವಾದ ಊರಿದು. ಯಾರದೆಂದು ತಿಳಿಯದ ಡಬ್ಬಿಯನ್ನು ಕಂಡರೆ ಜನ ಬೆದರುವುದು ಸಹಜ. ಹಳೆಯ ಕಟ್ಟಡಗಳ ಕಲ್ಲುಸಂದಿಗಳಲ್ಲಿ ಕೈಯಾಡಿಸುವುದೂ ಸಲ್ಲದು. ಅಡಗಿಸಬೇಕಾದುದನ್ನೆಲ್ಲ ಪೇಶ್ವೆಗಳೇ ಅಡಗಿಸಿಟ್ಟು ಹೋಗಿರುವಾಗ ನಾವು ಬೇರೆ ಅಡಗಿಸಬೇಕಾದದ್ದೇನು? ಪ್ರತಿ ತಂಡಕ್ಕೆ ಅಂಕಿಗಳನ್ನೂ ಒಂದೊಂದು ಪ್ರಶ್ನೆಯನ್ನೂ ಕೊಡುವುದು, ಉತ್ತರವನ್ನು ಆ ಸ್ಥಳದಲ್ಲಿಯೇ ಹುಡುಕಿಕೊಳ್ಳುವುದು, ಹೀಗೆ ಮಾಡಿದೆವು.

ಅಂಕಿಗಳ ಲೆಕ್ಕ ಮಕ್ಕಳಿಗೆ ಬಲು ಬೇಗ ಹತ್ತುತ್ತದೆ. ಕಾತ್ರಜದ ಕೆರೆ ಸುಮಾರು ೧೮ ಅಂಶ ೨೭ ಮಿನಿಟು ಉತ್ತರ ಅಕ್ಷಾಂಶದಲ್ಲಿದೆ, ಶನಿವಾರವಾಡೆ ೧೮ ಅಂಶ ೩೧ ಮಿನಿಟಿನಲ್ಲಿ. ಅಕ್ಷಾಂಶದ ಒಂದು ಮಿನಿಟೆಂದರೆ ನೆಲದ ಮೇಲೆ ಸುಮಾರು ೧.೮೫ ಕಿಲೋಮೀಟರು. ಗುಣಿಸಿದರೆ ನೀರು ನಡೆದ ದೂರ ಏಳೆಂಟು ಕಿಲೋಮೀಟರೆಂದು ಕೆರೆಯ ದಂಡೆಯಲ್ಲಿಯೇ ಗೊತ್ತಾಯಿತು. (ಬ್ಯಾಂಕಿನವರಿಗೆ ಗುಣಾಕಾರವೆಂದರೆ ಹಿಗ್ಗು, ವಾಚಕರು ಕ್ಷಮಿಸಬೇಕು.) ಹೀಗೆ ಭೂಮಿಯನ್ನು ಅಂಕಿಗಳಲ್ಲಿ ಹಿಡಿಯುವ ಕೆಲಸಕ್ಕೆ ಕನ್ನಡ ನೆಲವೂ ಹಿಂದೆಯೇ ಒದಗಿಬಂದಿತ್ತು. ಮದರಾಸಿನಲ್ಲಿ ೧೮೦೨ರಲ್ಲಿ ಮಹಾಮೋಜಣಿಗೆ ಕೈಹಾಕುವ ಮೊದಲು ಲ್ಯಾಂಬ್ಟನ್ ಸಾಹೇಬನು ಸರಪಳಿ ಹಿಡಿದು ಆಧಾರರೇಖೆ ಅಳೆದದ್ದು ೧೮೦೦ರಲ್ಲಿ, ಬೆಂಗಳೂರಿನ ಬಳಿ.

ಕೆರೆಯ ಸಂಗತಿಗೆ ಬರೋಣ. ನಾನಾಸಾಹೇಬನೆಂದು ಹೆಸರಾದ ಬಾಳಾಜಿ ಬಾಜೀರಾವ್ ೧೭೪೦ರಿಂದ ೧೭೬೧ರವರೆಗೆ ಪೇಶ್ವೆಯಾಗಿದ್ದನು. ಊರು ಬೆಳೆಯುತ್ತಿತ್ತು, ಬಾವಿಗಳ ನೀರು ಸಾಲದೆ ಬಂತು. ೧೭೫೦ರ ಸುಮಾರಿಗೆ ಕಾತ್ರಜದ ಗುಡ್ಡಗಳಿಂದ ಇಳಿಯುವ ಆಂಬಿಲ್ ಹಳ್ಳಕ್ಕೆ ಕಲ್ಲಿನ ಕಟ್ಟೆ ಹಾಕಿಸಿ, ಮೇಲೊಂದು ಕೆಳಗೊಂದು ಕೆರೆ ಮಾಡಿಸಿದನು. ಮೇಲಿನ ಕೆರೆಯಲ್ಲಿ ಹೂಳು ತಂಗಿ ತಿಳಿಯಾದ ನೀರು ಕೆಳಗಿನದಕ್ಕೆ ಇಳಿಯುವುದು. ಅಲ್ಲಿಂದ ಕಲ್ಲು ಗಾರೆಗಳ ಕಾಲುವೆ ಹೊರಡುತ್ತದೆ. ಹಲವೆಡೆ ಅದರೊಳಗೆ ಆಳು ನಿಂತು ನಡೆಯಬಹುದು. ಪಂಪಿಲ್ಲ, ರಾಟೆಯಿಲ್ಲ, ಕಾತ್ರಜ ಎತ್ತರದಲ್ಲಿದೆ, ಪೇಟೆ ತಗ್ಗಿನಲ್ಲಿದೆ, ನೀರು ತಾನಾಗಿ ಹರಿಯಿತು. ದಾರಿಯುದ್ದಕ್ಕೂ ಅಲ್ಲಲ್ಲಿ ಬಾವಿಯಂತೆ ಮೇಲಕ್ಕೆ ತೆರೆದ ಕಟ್ಟಡಗಳಿದ್ದುವು. ಇವಕ್ಕೆ ಮರಾಠಿಯಲ್ಲಿ ‘ಉಚ್ಛ್ವಾಸ’ವೆಂದು ಹೆಸರು. ಗಾಳಿ ಹೊರಹೋಗಲು, ಹೂಳು ತೆಗೆಯಲು ಇವು ಬೇಕು. ನೀರಿನ ಕಾಲುವೆಗೆ ಉಸಿರನ್ನು ಕೊಟ್ಟ ಆ ಹೆಸರು ನಮಗೆ ಬಹಳ ಹಿಡಿಸಿತು.

ವಿಜಯಪುರದ ಕಡೆಯ ಬಂಧುಗಳಿಗೆ ಇದು ಹೊಸತೆನಿಸಲಾರದು. ಅಲ್ಲಿ ಮಹಮ್ಮದ್ ಆದಿಲಶಾಹನ ಕಾಲದಲ್ಲಿ, ೧೬೫೧ರಲ್ಲಿ, ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ನೀರಿನ ಒತ್ತಡ ತಗ್ಗಿಸಿ ಹೂಳನ್ನು ತಡೆಯಲು ನಡುನಡುವೆ ‘ಗಂಜ್’ ಎಂಬ ಗೋಪುರಗಳಿದ್ದುವು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಪುಣೆಯವರು ಅದನ್ನು ನೋಡಿ ಕಲಿತರೆಂದು ನಾವು ಹೇಳುವುದಿಲ್ಲ. ಆದರೆ ತಂಡದಲ್ಲಿದ್ದ ವಿಜಯಪುರದ ತಾಯಿಯೊಬ್ಬರು ಉಚ್ಛ್ವಾಸದ ಚಿತ್ರ ನೋಡಿದೊಡನೆ, “ಇದು ನಮ್ಮ ಗಂಜ್ ಅಲ್ಲೇನ್ರೀ?” ಎಂದರು. ಅಲ್ಲಿಯವರೆಗೆ ಸುಮ್ಮನಿದ್ದ ಅವರು ಮುಂದೆ ದಿನವಿಡೀ ಮುಂದಾಳಾದರು.

ಕಾತ್ರಜದಿಂದ ಎರಡನೆಯ ನಿಲುಗಡೆಯಾದ ಪರ್ವತಿಗೆ ಸಿಟಿ ಬಸ್ಸಿನಲ್ಲಿ ಬರುವುದು ಮೇಲು. ನಡುವಿನ ದಾರಿ ನಡೆಯುವವರಿಗೆ ತಕ್ಕದ್ದಲ್ಲ. ಆದರೆ ಬಸ್ಸಿನಲ್ಲಿ ಕುಳಿತೇ ಭೂಪಟದಲ್ಲಿ ಆಂಬಿಲ್ ಹಳ್ಳದ ಗೆರೆಯನ್ನು ಮಕ್ಕಳಿಂದ ಗುರುತು ಮಾಡಿಸಬೇಕು. ನಾವು ಬಹಳ ಮಂದಿ ಬಾಡಿಗೆಗೆ ಹಿಡಿದಿರುವ ಮನೆಗಳು ಕಾತ್ರಜ, ಧನಕವಡಿ, ಸಹಕಾರನಗರಗಳಲ್ಲಿವೆ. ಮನೆ ಹಿಡಿಯುವಾಗ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುವುದೆಂದು ಕೇಳುತ್ತೇವೆಯೇ ಹೊರತು, ಮಳೆಯ ನೀರು ಯಾವ ದಾರಿಯಿಂದ ಹೋಗುವುದೆಂದು ಯಾರು ಕೇಳುತ್ತಾರೆ? ೨೦೧೯ರ ಸೆಪ್ಟೆಂಬರ್ ೨೫ರ ರಾತ್ರಿ ಆ ಹಳ್ಳ ಉಕ್ಕಿ ಕಾತ್ರಜದಿಂದ ಕೆಳಗಿನ ವಸತಿಗಳಿಗೆಲ್ಲ ನುಗ್ಗಿತು. ಅರಣ್ಯೇಶ್ವರದ ಕಡೆ ಜನ ಪ್ರಾಣ ಕಳೆದುಕೊಂಡರು. ಎಲ್ಲ ತಂಡದವರೂ ತಮ್ಮ ತಮ್ಮ ಮನೆಗೂ ಹಳ್ಳಕ್ಕೂ ಇರುವ ಅಂತರವನ್ನು ಯಂತ್ರದಲ್ಲಿ ಅಳೆದು ಕಾಗದದಲ್ಲಿ ಬರೆದುಕೊಂಡರು. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಮಾತು ನಿಂತಿತು.

ಪರ್ವತಿಯ ಮೆಟ್ಟಿಲುಗಳು ೧೦೩. ಎಣಿಸಿ ಹೇಳಿರೆಂದರೆ ಪ್ರತಿ ತಂಡವೂ ಒಂದೊಂದು ಸಂಖ್ಯೆ ತರುತ್ತದೆ. ಮೇಲಿನಿಂದ ಕೆಳಗೆ ಕಾಣುವ ಸಾರಸಬಾಗ ಒಂದು ಕಾಲದಲ್ಲಿ ಕೆರೆ. ಆಂಬಿಲ್ ಹಳ್ಳವನ್ನು ತಿರುಗಿಸಿ ನಾನಾಸಾಹೇಬನು ಮಾಡಿಸಿದ್ದು. ನಡುಗಡ್ಡೆಯ ಗಣಪತಿ ಇಂದಿಗೂ ‘ತಳ್ಯಾತಲಾ’, ಎಂದರೆ ಕೆರೆಯೊಳಗಿನ, ಗಣಪತಿಯೇ.

ಪೇಟೆಗಳ ಓಣಿ ಹೊಕ್ಕಮೇಲೆ ಯಂತ್ರ ಸೋಲುತ್ತದೆ. ಸ್ಥಳ ಹೇಳಲು ಅದಕ್ಕೆ ನಾಲ್ಕು ಉಪಗ್ರಹಗಳಾದರೂ ಕಾಣಬೇಕು. ಇಕ್ಕಟ್ಟಾದ ಗೋಡೆಗಳ ನಡುವೆ ಸಂಕೇತ ಬಡಿದು ತಿರುಗಿ, ಚುಕ್ಕೆ ಪಕ್ಕದ ಓಣಿಗೆ ಹಾರುತ್ತದೆ. ಆಗ ಹೂವಿನವರನ್ನೋ ಪಾತ್ರೆಯಂಗಡಿಯವರನ್ನೋ ಕೇಳಬೇಕು. ಆದಕಾರಣ ತಂಡಕ್ಕೆ ಐದು ಮಂದಿ, ಅವರಲ್ಲಿ ಒಬ್ಬರಾದರೂ ಚೆನ್ನಾಗಿ ಮರಾಠಿ ಬಲ್ಲವರು, ಎಂದು ಏರ್ಪಡಿಸಿದೆವು. ಮೈಸೂರಿನ ಕಡೆಯವರನ್ನೂ ಧಾರವಾಡದ ಕಡೆಯವರನ್ನೂ ಒಂದೇ ತಂಡದಲ್ಲಿ ಬೆರೆಸಿದ್ದು ಬೇರೆಯ ವಿನೋದಕ್ಕೆ ಕಾರಣವಾಯಿತು. ಕಾಲುವೆಯ ನೀರು ಸೇರುತ್ತಿದ್ದ ತೊಟ್ಟಿಗೆ ಇಲ್ಲಿ ‘ಹೌದ’ವೆನ್ನುತ್ತಾರೆ. “ಇದು ಹೌದೇ?” ಎಂದು ಒಬ್ಬರು ಕೇಳಿದರೆ, “ಹೌದು, ಹೌದ!” ಎಂದು ಇನ್ನೊಬ್ಬರ ಉತ್ತರ. ಕಾಳಾ ಹೌದ, ಬದಾಮಿ ಹೌದ, ಫಡಕೆ ಹೌದ ಮೊದಲಾದ ಹೆಸರುಗಳನ್ನು ಪಟ್ಟಿಯಲ್ಲಿ ಕೊಟ್ಟಿದ್ದೆವು. ಫಡಕೆ ಹೌದವೆಂದರೆ ಈಗಿನವರಿಗೆ ಒಂದು ಚೌಕದ ಹೆಸರು. ನೀರಿನ ನೆನಪು ಬಾಯಿಮಾತಿನಲ್ಲಷ್ಟೇ ಉಳಿದಿದೆ.

ಕಾತ್ರಜದ ನೀರು ಶನಿವಾರವಾಡೆಯನ್ನೂ ಮುಟ್ಟುತ್ತಿತ್ತು. ವಾಡೆ ೧೭೩೨ರಲ್ಲಿ ಸಿದ್ಧವಾಗಿ ೧೮೨೮ರ ಬೆಂಕಿಯಲ್ಲಿ ನಾಶವಾಯಿತು. ಕೋಟೆಗೋಡೆ, ಅಡಿಪಾಯಗಳು ಉಳಿದವು. ಒಳಗಿನ ಹಜಾರಿ ಕಾರಂಜಿ ಕಮಲದ ಆಕಾರದ್ದು. ದಳಗಳೆಷ್ಟೆಂಬುದೇ ಅಲ್ಲಿಯ ಪ್ರಶ್ನೆ. ಹದಿನಾರು ಎಂದು ಮೊದಲು ಕೂಗಿದವಳು ಎರಡನೆಯ ಇಯತ್ತೆಯ ಹುಡುಗಿ.

ಸಂಚಾರವನ್ನು ಇಲ್ಲಿಗೇ ಮುಗಿಸಬಹುದೆಂದು ಕೆಲವರು ಸೂಚಿಸಿದರು. ನಮಗೆ ಅದು ಸರಿಕಾಣಲಿಲ್ಲ. ನೂರಾರು ವರ್ಷ ಈ ಊರಿನ ಹೌದಗಳಲ್ಲಿ ನೀರಿದ್ದರೂ ಅಸ್ಪೃಶ್ಯರೆನಿಸಿದವರು ಅದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಕೊನೆಯ ಅಂಕಿಗಳು ಗಂಜ ಪೇಟೆಯ ಫುಲೆ ವಾಡೆಯವು. ಜೋತೀಬಾ ಫುಲೆಯವರು ೧೮೬೮ರಲ್ಲಿ ತಮ್ಮ ಮನೆಯ ಹೌದವನ್ನು ಅಸ್ಪೃಶ್ಯರಿಗೆ ತೆರೆದಿಟ್ಟರು. ಕಾಗದದಲ್ಲಿ ಆ ಸ್ಥಳಕ್ಕೆ ಪ್ರಶ್ನೆಯೊಂದನ್ನೂ ಬರೆದಿರಲಿಲ್ಲ. ತಂಡಗಳು ಸಂಜೆ ಐದರೊಳಗೆ ಒಂದೊಂದಾಗಿ ಬಂದು ಸೇರಿದುವು. ಬಿಸಿಲಿಗೆ ಬಾಡಿದ ಮಕ್ಕಳು ಅಂಗಳದಲ್ಲಿ ಕುಳಿತು, ಮನೆಯಿಂದ ತಂದ ಬಾಟಲಿಗಳನ್ನು ಒಬ್ಬರಿಂದೊಬ್ಬರು ತೆಗೆದುಕೊಂಡು ಕುಡಿದರು.