ಒಂದೇ ಮನೆ, ಎರಡು ನೆನಪು: ‘ಟೆಲ್ ಮಿ ವೈ’ ಆಟದ ಅವಳಿಗಳು

ಗಜೇಂದ್ರಗಡ: ಹಿರಿಯರ ಮನೆ ವಾಟ್ನಿಯಾಗುವ ದಿನ ಒಂದೇ ತಾಯಿಯ ಮಕ್ಕಳ ಮಾತು ಒಂದಕ್ಕೊಂದು ತಾಳೆಯಾಗದಿರುವುದು ಪುರ್ತಗೇರಿಯಿಂದ ರೋಣ, ನರಗುಂದದವರೆಗೆ ಯಾವ ಊರಿನ ಪಂಚರಿಗೂ ಹೊಸತಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳಾಡುತ್ತಿದ್ದಾರೆಂದು ತೀರ್ಮಾನಿಸುವುದು ಸುಲಭ. ಇಬ್ಬರೂ ಪ್ರಾಮಾಣಿಕರಾಗಿದ್ದು, ನೆನಪೇ ಎರಡಾಗಿದ್ದರೆ? ಈ ಪ್ರಶ್ನೆಯನ್ನೇ ಕಥಾವಸ್ತುವಾಗಿಸಿಕೊಂಡ ವಿಡಿಯೋ ಗೇಮ್ ‘ಟೆಲ್ ಮಿ ವೈ’.

ಫ್ರಾನ್ಸಿನ ಡೋಂಟ್‌ನಾಡ್ ಸಂಸ್ಥೆ ರೂಪಿಸಿದ ಈ ಆಟವನ್ನು ಎಕ್ಸ್‌ಬಾಕ್ಸ್ ಗೇಮ್ ಸ್ಟುಡಿಯೋಸ್ 2020ರ ಆಗಸ್ಟ್ 27ರಿಂದ ಸೆಪ್ಟೆಂಬರ್ 10ರವರೆಗೆ, ವಾರಕ್ಕೊಂದರಂತೆ ಮೂರು ಅಧ್ಯಾಯಗಳಲ್ಲಿ ಹೊರತಂದಿತು. ಕಥೆ ನಡೆಯುವುದು ಅಮೆರಿಕದ ಅಲಾಸ್ಕಾದಲ್ಲಿರುವ ಡೆಲೋಸ್ ಕ್ರಾಸಿಂಗ್ ಎಂಬ ಕಲ್ಪಿತ ಊರಿನಲ್ಲಿ. ಹತ್ತು ವರ್ಷ ದೂರವಿದ್ದ ಅವಳಿಗಳಾದ ಟೈಲರ್ ಹಾಗೂ ಅಲಿಸನ್, ತೀರಿಹೋದ ತಾಯಿ ಮೇರಿ-ಆ್ಯನ್‌ಳ ಮನೆಯನ್ನು ಮಾರಲೆಂದು ಮರಳಿ ಬರುತ್ತಾರೆ. ಟೈಲರ್, ಹೆಣ್ಣುಮಗುವೆಂದು ಬೆಳೆಸಲ್ಪಟ್ಟು ಬಳಿಕ ತಾನು ಗಂಡೆಂದು ಕಂಡುಕೊಂಡ ಟ್ರಾನ್ಸ್‌ಜೆಂಡರ್ ಪುರುಷ. ಪ್ರಮುಖ ಸಂಸ್ಥೆಯೊಂದರ ಆಟದಲ್ಲಿ ಇಂಥ ಪಾತ್ರ ನಾಯಕಸ್ಥಾನದಲ್ಲಿ ನಿಂತದ್ದು ಆಗ ಸುದ್ದಿಯಾಗಿತ್ತು. ಪಾತ್ರಕ್ಕೆ ದನಿ ನೀಡಿದ ಆಗಸ್ಟ್ ಬ್ಲ್ಯಾಕ್ ಸ್ವತಃ ಟ್ರಾನ್ಸ್‌ಜೆಂಡರ್ ನಟ.

ತಾನು ಕೂದಲು ಕತ್ತರಿಸಿಕೊಂಡ ರಾತ್ರಿ ತಾಯಿ ಬಂದೂಕು ಹಿಡಿದು ತನ್ನನ್ನು ಕೊಲ್ಲಲು ಬಂದಳು ಎಂಬುದು ಟೈಲರ್‌ನ ನಂಬಿಕೆ. ಆತ್ಮರಕ್ಷಣೆಗಾಗಿ ತಾಯಿಯನ್ನು ಕೊಂದನೆಂಬ ಹೊಣೆ ಹೊತ್ತು ಅವನು ಬಾಲಕರ ಕೇಂದ್ರ ಸೇರಿದ. ಅಲಿಸನ್ ಊರಿನ ಪೊಲೀಸ್ ಮುಖ್ಯಸ್ಥನ ಮನೆಯಲ್ಲಿ ಬೆಳೆದಳು. ಕತ್ತರಿಯಿಂದ ಇರಿದದ್ದು ಅಲಿಸನ್ ಎಂಬುದು ಕಥೆ ಮುಂದುವರಿದಂತೆ ಬಯಲಾಗುತ್ತದೆ. ತಾಯಿ ಮಗುವನ್ನು ಅರಿತುಕೊಳ್ಳಲು ಯತ್ನಿಸುತ್ತಿದ್ದಳೆಂಬ ಸುಳಿವುಗಳೂ ಸಿಗುತ್ತವೆ. ಹಾಗಾದರೆ ಬಂದೂಕು ಏಕೆ?

ಆಟದ ಹೊಸತನ ಇಲ್ಲಿದೆ. ಹಳೆಯ ಘಟನೆಗಳು ಬೆಳಕಿನ ಆಕೃತಿಗಳಾಗಿ ಇಬ್ಬರ ಕಣ್ಣಿಗೂ ಕಾಣುತ್ತವೆ. ಕೆಲವೆಡೆ ಒಂದೇ ಘಟನೆ ಅಣ್ಣನಿಗೊಂದು, ತಂಗಿಗೊಂದು ರೀತಿ ತೋರುತ್ತದೆ. ಯಾರ ನೆನಪನ್ನು ಒಪ್ಪಬೇಕೆಂಬುದನ್ನು ಆಡುವವರೇ ನಿರ್ಧರಿಸಬೇಕು. ಒಪ್ಪಿದಾಗ ನಂಟು ಗಟ್ಟಿಯಾಗುತ್ತದೆ, ತಳ್ಳಿಹಾಕಿದಾಗ ಸಡಿಲಗೊಳ್ಳುತ್ತದೆ. ಸಾಕ್ಷ್ಯವನ್ನು ತೂಗುತ್ತಿದ್ದೇವೆಂದು ನಾವು ಭಾವಿಸಿದರೂ ತೂಗುತ್ತಿರುವುದು ಸಂಬಂಧವನ್ನು. ತಾಯಿ ಮಕ್ಕಳಿಗೆ ಬರೆದಿಟ್ಟ ಗಾಬ್ಲಿನ್‌ಗಳ ಕಥೆಪುಸ್ತಕ ಇದಕ್ಕೊಂದು ಕೀಲಿಕೈ. ರಾಜಕುಮಾರಿ, ಬೇಟೆಗಾರರ ವೇಷದಲ್ಲಿ ಆಕೆಯ ಬದುಕೇ ಅದರಲ್ಲಿ ಅಡಗಿದೆ. ಪುಸ್ತಕವನ್ನು ಆಧರಿಸಿದ ಒಗಟುಗಳು ಮಾತ್ರ ಕೆಲವೊಮ್ಮೆ ಕಥೆಯ ಓಟವನ್ನು ತಡೆಯುತ್ತವೆ.

ನೆನಪು ಹೀಗೆ ಕವಲೊಡೆಯುವುದು ಬರೀ ಕಲ್ಪನೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಹಾಗೂ ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಮಂದಿಗೆ ಅವರ ಬಾಲ್ಯದ ಮೂರು ನಿಜ ಘಟನೆಗಳ ಜೊತೆ, ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದರೆಂಬ ಒಂದು ಕಟ್ಟುಕಥೆಯನ್ನೂ ನೀಡಲಾಯಿತು. ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯಾಗಿಯೋ ಭಾಗಶಃವೋ ‘ನೆನಪಿಸಿಕೊಂಡರು’. ಕಥೆಗೆ ಬೇಕಾದ ವಿವರ ಒದಗಿಸಿದವರು ಮನೆಯವರೇ ಎಂಬುದು ಗಮನಾರ್ಹ.

ಕಣ್ಣು ತಪ್ಪಿ ದಾಯಾದಿಗಳ ಹಗೆ ಹೊತ್ತಿಕೊಂಡ ಕಥೆ ಗದಗಿನ ಓದುಗರಿಗೆ ಪರಿಚಿತ. ಕುಮಾರವ್ಯಾಸ ಭಾರತದ ಸಭಾಪರ್ವದಲ್ಲಿ ದುರ್ಯೋಧನ ನೀರನ್ನು ನೆಲವೆಂದು ಎಡವಿದ ಅವಮಾನದ ಮುಂದಿನ ಹೆಜ್ಜೆಯೇ ಪಗಡೆಯ ಹಾಸು. ಅಲ್ಲಿ ಭ್ರಮೆಯನ್ನು ಕಟ್ಟಿದವನು ಮಯ. ಡೆಲೋಸ್ ಕ್ರಾಸಿಂಗ್‌ನ ಮನೆಯಲ್ಲಿ ಅದನ್ನು ಕಟ್ಟಿಕೊಂಡವರು ಹೆದರಿದ ಮಕ್ಕಳು.

ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡುವ ತಿದ್ದುಪಡಿ ಜಾರಿಗೆ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರ ಆಗಸ್ಟ್ 11ರಂದು, ಈ ಆಟ ಬರುವ ಹದಿನಾರು ದಿನ ಮೊದಲು. ಕಾನೂನು ಗೋಡೆಗಳನ್ನು ಹಂಚಬಲ್ಲದು. ಅವ್ವ ಆ ದಿನ ಏಕೆ ಹಾಗೆ ನಡೆದುಕೊಂಡಳೆಂಬುದಕ್ಕೆ ಉತಾರ ಸಿಗದು. ಇನ್ನೊಬ್ಬರ ನೆನಪನ್ನು ಕಣ್ಣಾರೆ ಕಾಣುವ ಶಕ್ತಿಯನ್ನು ಅವಳಿಗಳಿಗೆ ಕೊಟ್ಟು ಆಟ ತನ್ನ ದಾರಿಯನ್ನು ತುಸು ಸುಗಮ ಮಾಡಿಕೊಂಡಿದೆ ಎಂದೇ ಹೇಳಬೇಕು. ಆದರೂ ಆ ರಾತ್ರಿ ತಾಯಿಯ ಮನದಲ್ಲಿ ಏನಿತ್ತೆಂದು ಕೊನೆಗೂ ಅದು ತಾನಾಗಿ ತೀರ್ಪು ಕೊಡುವುದಿಲ್ಲ. ಎರಡು ನೆನಪುಗಳನ್ನು ಮುಂದಿಟ್ಟು, ಒಂದನ್ನು ಆರಿಸಿಕೊಳ್ಳಲು ಬಿಡುತ್ತದೆ.