ಆಳಂದದ ಕುದುರೆ ಸಂತೆ

ಆಳಂದದ ಕುದುರೆ ಸಂತೆಯು 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಆಳ್ವಿಕೆಯ ಕಾಲದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸಂತೆ. ರಷ್ಯಾದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್‌ನ ಪ್ರವಾಸ ಟಿಪ್ಪಣಿಗಳಲ್ಲಿ ಇದರ ವಿವರ ದೊರೆಯುತ್ತದೆ. ಭೀಮಾ ಕಣಿವೆಯಲ್ಲಿ ಮನುಷ್ಯನಿಗೂ ಕುದುರೆಗೂ ಇದ್ದ ಸಂಬಂಧಕ್ಕೆ ಇದೊಂದು ಮಹತ್ವದ ಲಿಖಿತ ಸಾಕ್ಷ್ಯವಾಗಿದೆ.

ಹಿನ್ನೆಲೆ

ಇಂದಿನ ಸಾಕುಕುದುರೆಗಳ ಮೂಲವು ಸುಮಾರು 4,200 ವರ್ಷಗಳ ಹಿಂದೆ ವೋಲ್ಗಾ ಮತ್ತು ಡಾನ್ ನದಿಗಳ ಹುಲ್ಲುಗಾವಲು ಪ್ರದೇಶದಲ್ಲಿತ್ತೆಂದು 2021ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ತಿಳಿಸುತ್ತದೆ. ದಖನ್ನಿಗೆ ಉತ್ತಮ ಕುದುರೆಗಳು ಬಹುಪಾಲು ಹೊರಗಿನಿಂದಲೇ ಬರಬೇಕಾಗಿತ್ತು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಕಲಬುರಗಿ ಮೊದಲಿಗೆ, ಬೀದರ್ ಅನಂತರ ರಾಜಧಾನಿಯಾದವು. ವಿಜಯನಗರದೊಡನೆ ಪದೇ ಪದೇ ನಡೆದ ಯುದ್ಧಗಳಿಂದಾಗಿ ಎರಡೂ ರಾಜ್ಯಗಳಲ್ಲಿ ಅಶ್ವದಳಕ್ಕೆ ಬೇಡಿಕೆ ಹೆಚ್ಚಿತು. ಅರಬ್ ಮತ್ತು ಪರ್ಷಿಯಾದ ಕುದುರೆಗಳು ಹೊರ್ಮುಜ್‌ನಿಂದ ಹಡಗುಗಳಲ್ಲಿ ಚೌಲ್, ದಾಭೋಳ ಮೊದಲಾದ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದವು.

ನಿಕಿತಿನ್‌ನ ವರದಿ

ನಿಕಿತಿನ್ 1470ರ ಸುಮಾರಿಗೆ ಒಂದು ಗಂಡು ಕುದುರೆಯೊಡನೆ ಚೌಲ್ ಬಂದರಿನಲ್ಲಿ ಇಳಿದನು. ಜುನ್ನಾರಿನವರೆಗೆ ಅದನ್ನು ತರಲು ತನಗೆ ನೂರು ರೂಬಲ್ ವೆಚ್ಚವಾಯಿತೆಂದು ಬರೆದಿದ್ದಾನೆ. ಜುನ್ನಾರಿನ ಅಧಿಕಾರಿಯು ಆ ಕುದುರೆಯನ್ನು ಕಿತ್ತುಕೊಂಡು, ಮತಾಂತರಗೊಂಡರೆ ಮಾತ್ರ ಹಿಂದಿರುಗಿಸುವುದಾಗಿ ಹೇಳಿದನು. ಖುರಾಸಾನಿನ ಒಬ್ಬ ಗಣ್ಯನ ಮಧ್ಯಸ್ಥಿಕೆಯಿಂದ ಅದು ಮರಳಿ ದೊರೆಯಿತು. ಒಂದು ವರ್ಷ ಸಾಕಿದ ಬಳಿಕ ಅವನು ಅದನ್ನು ಬೀದರಿನಲ್ಲಿ ಮಾರಿದನು.

ಆಳಂದದ ಸಂತೆಯು ಶೇಖ್ ಅಲಾವುದ್ದೀನರ ಸ್ಮರಣಾರ್ಥ ಅಕ್ಟೋಬರ್ ತಿಂಗಳ ಸುಮಾರಿಗೆ ಹತ್ತು ದಿನ ನಡೆಯುತ್ತಿತ್ತು. ಮಾರಾಟಕ್ಕೆ 20,000ದವರೆಗೆ ಕುದುರೆಗಳು ಬರುತ್ತಿದ್ದವೆಂದೂ ಹಿಂದುಸ್ತಾನದಲ್ಲಿ ಇದೇ ಅತ್ಯುತ್ತಮ ಸಂತೆಯೆಂದೂ ನಿಕಿತಿನ್ ಹೇಳುತ್ತಾನೆ. ಈ ಸಂಖ್ಯೆ ಅವನ ಅಂದಾಜು ಮಾತ್ರ. ಆಳಂದದ ಲಾಡ್ಲೆ ಮಶಾಯಕ್ ದರ್ಗಾ ಈ ಸಂತರದೇ ಆಗಿದ್ದು, ಅಲ್ಲಿ ಉರುಸ್ ಈಗಲೂ ನಡೆಯುತ್ತದೆ.

ಆರೈಕೆ

ಇಲ್ಲಿನ ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಮತ್ತು ಬೆಣ್ಣೆ ಬೆರೆಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಿದ್ದರೆಂದು ನಿಕಿತಿನ್ ದಾಖಲಿಸಿದ್ದಾನೆ. ಹುಲ್ಲುಗಾವಲಿನ ಪ್ರಾಣಿಯನ್ನು ಒಣಭೂಮಿಯ ಕಾಳುಕಡಿಗಳಿಂದ ಸಾಕುವ ಕ್ರಮ ಇಲ್ಲಿ ರೂಢಿಯಲ್ಲಿತ್ತೆಂಬುದು ಇದರಿಂದ ತಿಳಿಯುತ್ತದೆ.

ಭೀಮಥಡಿ ತಳಿ

ಈ ದೇಶದಲ್ಲಿ ಕುದುರೆಗಳು ಹುಟ್ಟುವುದಿಲ್ಲವೆಂದು ನಿಕಿತಿನ್ ಬರೆದಿದ್ದಾನೆ. ಆದರೆ ಮುಂದಿನ ಶತಮಾನಗಳಲ್ಲಿ ಭೀಮಾ ನದಿಯ ಹೆಸರನ್ನೇ ಹೊತ್ತ ಭೀಮಥಡಿ ತಳಿಯು ಪ್ರಸಿದ್ಧವಾಯಿತು. ಅರಬ್ ಮತ್ತು ತುರ್ಕಿ ಕುದುರೆಗಳನ್ನು ಸ್ಥಳೀಯ ತಟ್ಟುಗಳೊಡನೆ ಕೂಡಿಸಿ ಪುಣೆಯ ಸೀಮೆಯಲ್ಲಿ ಇದನ್ನು ಬೆಳೆಸಲಾಯಿತೆಂದು ಹೇಳಲಾಗುತ್ತದೆ. ಗಾತ್ರದಲ್ಲಿ ಚಿಕ್ಕದಾದರೂ ಸಹನಶಕ್ತಿಯುಳ್ಳ ಈ ಕುದುರೆಯು ಮರಾಠಾ ಅಶ್ವದಳದಲ್ಲಿ ಬಳಕೆಯಲ್ಲಿತ್ತು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ಮೇಲೆ ತಳಿಯು ಕ್ಷೀಣಿಸುತ್ತ ಬಂದಿತು.

ಪುಣೆಯಿಂದ ಹರಿದು ಬರುವ ಭೀಮೆಯು ಸೊಲ್ಲಾಪುರ ಜಿಲ್ಲೆಯನ್ನು ದಾಟಿ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಸಾಗುತ್ತದೆ. ಆಳಂದ ತಾಲ್ಲೂಕಿನ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಅದನ್ನು ಸೇರುತ್ತದೆ. ಇದೇ ನದಿಯ ಮೇಲ್ಭಾಗದಲ್ಲಿ, ಪುಣೆ ಮತ್ತು ಸೊಲ್ಲಾಪುರ ಜಿಲ್ಲೆಗಳಲ್ಲಿ, ಧನಗರ ಕುರಿಗಾಹಿಗಳು ಋತುಮಾನಕ್ಕೆ ತಕ್ಕಂತೆ ವಲಸೆ ಹೋಗುವಾಗ ಮನೆಯ ಸಾಮಾನುಗಳನ್ನು ಹೊರಿಸಲು ಭೀಮಥಡಿ ತಟ್ಟುಗಳನ್ನು ಬಳಸುತ್ತಾರೆ. ಈಚೆಗೆ ಇದು ದೇಶೀಯ ತಳಿಯೆಂದು ಅಧಿಕೃತ ಮಾನ್ಯತೆ ಪಡೆದಿದೆ. ಯುದ್ಧದ ಕಾಲ ಮುಗಿದ ಮೇಲೂ ಈ ತಳಿ ಉಳಿದುಬಂದಿರುವುದಕ್ಕೆ ಕುರಿಗಾಹಿಗಳ ಈ ದಿನನಿತ್ಯದ ಬಳಕೆಯೇ ಮುಖ್ಯ ಕಾರಣವಾಗಿದೆ.