ಐದು ಹುಡುಗರು, ಒಂದೇ ಪೆನ್ನು: ಟೇಕ್ ದಟ್ ಒಡೆದ ಕಥೆ, ಕೂಡಿದ ಕಥೆ

ಬಾಯ್ ಬ್ಯಾಂಡ್ ಅಂದ ಕೂಡಲೇ ನಿಮಗೆ ಬಿಟಿಎಸ್ ನೆನಪಾಗಬಹುದು, ಇಲ್ಲಾಂದ್ರೆ ಒನ್ ಡೈರೆಕ್ಷನ್. ಇವತ್ತು ನಾನು ಹೇಳ್ತಿರೋದು ಅವರಿಗಿಂತ ಹಿಂದಿನ ಕಥೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ಟೇಕ್ ದಟ್ ಕಥೆ. ಕೇಳ್ತಾ ಒಂದು ಪ್ರಶ್ನೆ ತಲೇಲಿ ಇಟ್ಕೊಳ್ಳಿ: ಐದು ಜನ ಹಾಡಿದ ಹಾಡು ಯಾರದ್ದು?

1990ರಲ್ಲಿ ನೈಜೆಲ್ ಮಾರ್ಟಿನ್-ಸ್ಮಿತ್ ಅನ್ನೋ ಮ್ಯಾನೇಜರ್ ಐದು ಹುಡುಗರನ್ನು ಒಟ್ಟು ಸೇರಿಸಿದರು. ಗ್ಯಾರಿ ಬಾರ್ಲೋ ಆಗಲೇ ಕ್ಲಬ್‌ಗಳಲ್ಲಿ ಹಾಡ್ತಿದ್ದ, ಸ್ವಂತ ಹಾಡು ಬರೀತಿದ್ದ. ಹೊವರ್ಡ್ ಡೊನಾಲ್ಡ್ ಮತ್ತು ಜೇಸನ್ ಆರೆಂಜ್ ಡಾನ್ಸರ್‌ಗಳು. ಜೊತೆಗೆ ಮಾರ್ಕ್ ಓವನ್. ಎಲ್ಲರಿಗಿಂತ ಚಿಕ್ಕವನು ರಾಬಿ ವಿಲಿಯಮ್ಸ್, ಬರೀ 16 ವರ್ಷ.

1991ರಲ್ಲಿ ಬಂದ ಮೊದಲ ಹಾಡನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಶಾಲೆ, ಕ್ಲಬ್ ಅಂತ ಊರೂರು ಸುತ್ತಿ ಕುಣಿದರು. 1993ರಲ್ಲಿ ‘ಪ್ರೇ’ ಬ್ರಿಟನ್‌ನಲ್ಲಿ ನಂಬರ್ ಒನ್ ಆಯ್ತು. 1995ರಲ್ಲಿ ‘ಬ್ಯಾಕ್ ಫಾರ್ ಗುಡ್’ ಅಮೆರಿಕದ ಟಾಪ್ ಟೆನ್‌ಗೂ ಹೋಯ್ತು.

ಆದರೆ ಬ್ಯಾಂಡಿನ ಸ್ವಂತ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದಿದ್ದು ಗ್ಯಾರಿ ಒಬ್ಬನೇ. ಸಂಗೀತದ ವ್ಯವಹಾರದಲ್ಲಿ ಹಾಡಿದವರ ಸಂಭಾವನೆ ಬೇರೆ, ಬರೆದವರ ರಾಯಲ್ಟಿ ಬೇರೆ. ಹಾಡು ಎಷ್ಟು ದಿನ ಓಡುತ್ತೋ ಬರೆದವನಿಗೆ ಅಷ್ಟು ದಿನ ದುಡ್ಡು ಬರ್ತಾನೇ ಇರುತ್ತೆ. ಅಂದ್ರೆ ಸ್ಟೇಜ್ ಮೇಲೆ ಐದು ಜನರ ಬೆವರು, ಆದರೆ ಹಾಡಿನ ಹಕ್ಕು ಒಬ್ಬನದ್ದು. ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಆದ್ರೂ ಇಂಥ ಲೆಕ್ಕ ಸ್ನೇಹದ ಮಧ್ಯೆ ಬಂದ್ರೆ ಕಸಿವಿಸಿ ಆಗದೇ ಇರುತ್ತಾ?

1995ರ ಜುಲೈನಲ್ಲಿ ರಾಬಿ ಹೊರಗೆ ಬಂದ. 1996ರ ಫೆಬ್ರವರಿ 13ರಂದು ಉಳಿದ ನಾಲ್ವರೂ ಬ್ಯಾಂಡ್ ಮುಗೀತು ಅಂತ ಘೋಷಿಸಿದರು. ಕಂಗಾಲಾದ ಅಭಿಮಾನಿಗಳಿಗಾಗಿ ಬ್ರಿಟನ್‌ನಲ್ಲಿ ಟೆಲಿಫೋನ್ ಸಹಾಯವಾಣಿಗಳನ್ನೇ ತೆರೆಯಬೇಕಾಯ್ತು!

ಆಮೇಲೆ ಆಟ ತಿರುಗಿಬಿತ್ತು. ದೊಡ್ಡ ಸ್ಟಾರ್ ಆಗ್ತಾನೆ ಅಂತ ಎಲ್ಲರೂ ನಂಬಿದ್ದ ಗ್ಯಾರಿಯನ್ನು ರೆಕಾರ್ಡ್ ಕಂಪನಿ ಎರಡನೇ ಆಲ್ಬಮ್ ಆದ್ಮೇಲೆ ಕೈಬಿಟ್ಟಿತು. ಆದರೆ ರಾಬಿ 2003ರಲ್ಲಿ ನೆಬ್‌ವರ್ತ್ ಮೈದಾನದಲ್ಲಿ ಮೂರು ರಾತ್ರಿ ಸೇರಿ ಸುಮಾರು 3,75,000 ಜನರ ಮುಂದೆ ಹಾಡಿದ.

2005ರಲ್ಲಿ ಟಿವಿಗಾಗಿ ಒಂದು ಸಾಕ್ಷ್ಯಚಿತ್ರ ಬಂತು. ಹಳೇ ಗೆಳೆಯರು ಒಂದೆಡೆ ಸೇರಿದರು, ರಾಬಿ ಮಾತ್ರ ಆ ಭೇಟಿಗೆ ಬರಲಿಲ್ಲ. ಆದರೂ 2006ರಲ್ಲಿ ನಾಲ್ವರೂ ಟೂರ್ ಹೊರಟರು. ಅದೇ ವರ್ಷ ‘ಬ್ಯೂಟಿಫುಲ್ ವರ್ಲ್ಡ್’ ಆಲ್ಬಮ್ ಬಂತು, ನಂಬರ್ ಒನ್ ಆಯ್ತು.

ಈ ಸಲ ಒಂದು ವಿಷಯ ಬದಲಾಗಿತ್ತು. ಹಾಡು ಬರೆದವರ ಜಾಗದಲ್ಲಿ ನಾಲ್ವರ ಹೆಸರೂ ಇತ್ತು. ಹಿಂದೆ ಬರೀ ಕುಣಿಯೋರು ಅನ್ನಿಸಿಕೊಂಡಿದ್ದ ಹೊವರ್ಡ್, ಜೇಸನ್ ಕೂಡ ಈಗ ಹಾಡಿನ ಪಾಲುದಾರರು. ನನ್ನ ಪ್ರಕಾರ ನಿಜವಾದ ರಾಜಿ ಆಗಿದ್ದು ಕ್ಯಾಮೆರಾ ಮುಂದಿನ ಅಪ್ಪುಗೆಯಲ್ಲಲ್ಲ, ಈ ಹೆಸರುಗಳ ಸಾಲಿನಲ್ಲಿ.

2010ರಲ್ಲಿ ರಾಬಿಯೂ ವಾಪಸ್ ಬಂದ. ಮರುವರ್ಷ ಐವರೂ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಎಂಟು ರಾತ್ರಿ ಹಾಡಿದರು. ಹಾಗಂತ ಎಲ್ಲಾ ಶಾಶ್ವತ ಆಗಲಿಲ್ಲ. ರಾಬಿ ಮತ್ತೆ ತನ್ನ ದಾರಿ ಹಿಡಿದ, 2014ರಲ್ಲಿ ಜೇಸನ್ ಬ್ಯಾಂಡ್ ಬಿಟ್ಟ. ಉಳಿದ ಮೂವರು ಟೇಕ್ ದಟ್ ಹೆಸರಲ್ಲೇ ಮುಂದುವರೆದರು.

ಫ್ರೆಂಡ್ಸ್ ಜೊತೆ ಸೇರಿ ಬ್ಯಾಂಡ್ ಕಟ್ತಿದ್ದೀರಾ? ಯೂಟ್ಯೂಬ್ ಚಾನೆಲ್ ಶುರು ಮಾಡ್ತಿದ್ದೀರಾ? ಹಾಗಾದ್ರೆ ಹಿಟ್ ಆಗೋಕೆ ಮೊದಲೇ ಕೂತು ಮಾತಾಡಿ: ಯಾರ ಹೆಸರು ಎಲ್ಲಿ, ಯಾರ ಪಾಲು ಎಷ್ಟು. ಹಿಟ್ ಆದ್ಮೇಲೆ ಆ ಮಾತು ಎತ್ತೋದು ಬಹಳ ಕಷ್ಟ.